ಕುದುರೆ ಕಂಡರೆ ಕಾಲುನೋವು

ನಮ್ಮ ಕಡೆಯ ಗಾದೆಗಳಲ್ಲಿ ಮನುಷ್ಯನ ಸ್ವಭಾವವನ್ನು ಇಷ್ಟು ಚಿಕ್ಕದಾಗಿ ಹಿಡಿದಿಟ್ಟ ಗಾದೆ ಇನ್ನೊಂದಿಲ್ಲ. ಹತ್ತು ಹರದಾರಿ ನಡೆದರೂ ನೋಯದ ಕಾಲು ಕುದುರೆ ಕಣ್ಣಿಗೆ ಬಿದ್ದ ಕೂಡಲೆ ನೋಯತೊಡಗುತ್ತದೆ. ಆದರೆ ಆ ಹೊತ್ತಿಗೆ ಕುದುರೆಯ ಬೆನ್ನಿಗೆ ಏನಾಗುತ್ತದೆಂಬುದನ್ನು ಗಾದೆ ಹೇಳುವುದಿಲ್ಲ. ಗಾದೆ ಬಿಟ್ಟ ಆ ಮಾತನ್ನು ಹೇಳುವುದಕ್ಕೆಂದೇ ಈ ನಾಲ್ಕು ಪುಟ. ಅದೂ ದೊಡ್ಡ ಕುದುರೆಯ ವಿಷಯವಲ್ಲ. ನಾವು ತಟ್ಟು ಎಂದು ಕರೆಯುವ, ಗಿಡ್ಡಗಾಲಿನ, ಗಟ್ಟಿಮೈಯ ಸಣ್ಣ ಕುದುರೆಯದು.

ಕಲಾವಿಭಾಗದ ವಿದ್ಯಾರ್ಥಿಗೆ ತಟ್ಟುವಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣ ಬಹಳ ಸರಳವಾದುದು. ನನ್ನೂರು ರೋಣದಿಂದ ಏಳು ಕಿಲೋಮೀಟರು. ಎರೆಯ ನಾಡಿನ ಮಳೆಗಾಲ ಎಂತಹದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ದಿನ ಮಳೆ ಹಿಡಿದರೆ ಬೈಸಿಕಲ್ಲಿನ ಗಾಲಿ ಮಣ್ಣು ಮೆತ್ತಿ ತಿರುಗದಾಗುತ್ತದೆ. ಇರುವ ಒಂದು ಬಸ್ಸೂ ಬರುವುದಿಲ್ಲ. ನಾನು ಹೇಗಾದರೂ ನಡೆದು ಬರುತ್ತೇನೆ. ಆದರೆ ರೋಣದ ಹೈಸ್ಕೂಲಿಗೆ ಬರುವ ನನ್ನ ತಂಗಿ ಮಳೆಯ ದಿನಗಳಲ್ಲಿ ಮನೆಯಲ್ಲಿಯೇ ಉಳಿಯತೊಡಗಿದಳು. ಹುಡುಗಿ ಒಂದು ವಾರ ಮನೆಯಲ್ಲಿ ಉಳಿದರೆ, ಉಳಿದೇ ಬಿಡಲಿ ಎನ್ನುವ ಬಾಯಿಗಳು ಊರಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಆಗ ಅಜ್ಜ ಹೇಳಿದ: “ಒಂದು ತಟ್ಟು ತಗೊಳ್ರಿ. ನಾ ಹತ್ತಿ ಗಜೇಂದ್ರಗಡದ ಸಂತಿಗೆ ಹೋಗ್ತಿದ್ದಿಲ್ಲೇನು?”

ಮನೆಯಲ್ಲಿ ವಾದ ಎದ್ದಿತು. ಬೆಳೆದ ಆಳನ್ನು ತಟ್ಟು ಹೊರಬಲ್ಲುದೇ? ಹೊರುತ್ತದೆ ಎಂದು ಅಜ್ಜ; ಕತ್ತೆಗಿಂತ ತುಸು ದೊಡ್ಡದು, ಅದೇನು ಹೊತ್ತೀತು ಎಂದು ಅಪ್ಪ. ತೀರ್ಪು ಕೊಡುವ ಕೆಲಸ ಓದಿದವನೆಂದು ನನ್ನ ಪಾಲಿಗೆ ಬಂತು.

ಇತಿಹಾಸ ಅಜ್ಜನ ಪಕ್ಷದಲ್ಲಿದೆ. ವಿಜಯನಗರದ ಅರಸರು ಭಟಕಳ ಮುಂತಾದ ಬಂದರುಗಳಿಗೆ ಅರಬ್ಬಿ ಕುದುರೆಗಳನ್ನು ತರಿಸಿಕೊಂಡರು, ನಿಜ. ಆದರೆ ದಖ್ಖನಿನ ಕಲ್ಲುದಾರಿಗೂ ಬರಗಾಲದ ಮೇವಿಗೂ ಹೊಂದಿಕೊಂಡದ್ದು ಭೀಮಾ ದಂಡೆಯ ಸಣ್ಣ ಕುದುರೆ. ಅದನ್ನು ಭೀಮಥಡಿ ಎನ್ನುತ್ತಾರೆ. ಮರಾಠರ ಹಗುರ ದಂಡಿಗೆ ಕಾಲು ಕೊಟ್ಟದ್ದು ಇಂತಹ ಕುದುರೆಗಳೇ. ಇತ್ತೀಚಿನ ವರ್ಷಗಳಲ್ಲಿ ದೇಶದ ಮಾನ್ಯ ತಳಿಗಳ ಪಟ್ಟಿಗೂ ಇದು ಸೇರಿದೆ. ಘೋರ್ಪಡೆ ಮನೆತನದ ಗಜೇಂದ್ರಗಡದಲ್ಲಿ 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದಾಗ ಆ ಗುಡ್ಡದ ಬುಡದಲ್ಲಿ ಎಷ್ಟು ಕುದುರೆಗಳು ಮೇವು ತಿಂದಿರಬೇಕು! 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನನ್ನು ಕೊಂದ ಸಂಗತಿ ನಮ್ಮಲ್ಲಿ ಹುಡುಗರಿಗೂ ಗೊತ್ತು. ಆ ದಾರಿಯನ್ನೂ ಕುದುರೆಗಳೇ ತುಳಿದವು. ಅವುಗಳ ಮೇಲೆ ಕುಳಿತವರು ಬೆಳೆದ ಆಳುಗಳೇ.

ಆದರೆ ದಂಡಿನ ಸಾಕ್ಷಿಯನ್ನು ಎಚ್ಚರಿಕೆಯಿಂದ ಕೇಳಬೇಕು. ದಂಡಿನವನ ಪ್ರಶ್ನೆ ‘ಹೊತ್ತೀತೇ’ ಎಂಬುದು. ನಮ್ಮ ಪ್ರಶ್ನೆ ‘ಸುಖವಾಗಿ ಹೊತ್ತೀತೇ’ ಎಂಬುದು. ಇವೆರಡರ ನಡುವೆ ಅಂತರ ಬಹಳ. ದಂಡಿನಲ್ಲಿ ಕುದುರೆ ಸತ್ತರೆ ಇನ್ನೊಂದು ಕುದುರೆ ಸಿಕ್ಕುತ್ತಿತ್ತು. ದಿನಾಲು ಹೋಗಿಬರುವ ದಾರಿಯಲ್ಲಿ ಇದೇ ಪ್ರಾಣಿ ನಾಳೆಯೂ ಏಳಬೇಕು, ನಾಡಿದ್ದೂ ಏಳಬೇಕು.

ಇದನ್ನು ನನಗೆ ತಿಳಿಸಿದವನು ಒಬ್ಬ ಕುರಿಗಾರ. ಸುಗ್ಗಿ ಮುಗಿದ ಮೇಲೆ ಜೋಳ ಕಡಲೆ ಕಿತ್ತ ಹೊಲಗಳಲ್ಲಿ ಕುರಿ ತರುಬಲು ಪಡುವಣದಿಂದ ಬರುವ ಹಾಲುಮತದವರನ್ನು ರೋಣ, ನರಗುಂದದ ರಸ್ತೆಗಳಲ್ಲಿ ಯಾರು ಕಂಡಿಲ್ಲ? ಕುರಿಯ ಹಿಂಡಿನ ಹಿಂದೆ ಅವರ ಸಂಸಾರವೆಲ್ಲ ತಟ್ಟುಗಳ ಮೇಲೆ ಸಾಗುತ್ತದೆ: ಬಲೆ, ಡೇರೆ, ಕಂಬಳಿ, ಅಡಿಗೆಯ ಪಾತ್ರೆ, ಕಾಲು ಕಟ್ಟಿದ ಕೋಳಿ, ನಿನ್ನೆ ಹುಟ್ಟಿದ ಕುರಿಮರಿ, ಅದರ ಪಕ್ಕದಲ್ಲಿ ನಿದ್ದೆ ಹೋದ ಕೂಸು. ಭಾರ ಎರಡೂ ಮಗ್ಗುಲಿಗೆ ಸಮನಾಗಿ ಇಳಿಬಿದ್ದಿರುತ್ತದೆ. ಅವರಲ್ಲಿ ಬೆಳೆದ ಗಂಡಸು ತಟ್ಟು ಏರಿ ಹೋಗುವುದನ್ನು ನಾನು ಕಂಡದ್ದಿಲ್ಲ. ನಮ್ಮ ಹೊಲದಲ್ಲಿ ಬೀಡುಬಿಟ್ಟ ಮುದುಕನನ್ನು ಇದಕ್ಕೆ ಕಾರಣ ಕೇಳಿದೆ. ಅವನು ಹೇಳಿದ: “ತಮ್ಮಾ, ಹತ್ತಿದ್ರ ಹೊರತೈತಿ. ಒಲ್ಲೆ ಅನ್ನಾಕ ಅದಕ್ಕ ಬಾಯಿ ಎಲ್ಲೈತಿ? ನಾಳಿನೂ ಅದು ನಡೀಬೇಕಲ್ಲ, ಅದಕ್ಕ ನಾವು ಹತ್ತಂಗಿಲ್ಲ.”

ಮುದುಕನ ಅಪ್ಪಣೆ ಪಡೆದು ಅವನ ತಟ್ಟುವೊಂದನ್ನು ಸಿಂಪಿಗೇರನ ಟೇಪಿನಿಂದ ಅಳೆದೆ. ತಕ್ಕಡಿ ಇಲ್ಲದೆ ಕುದುರೆಯ ತೂಕ ತಿಳಿಯಲು ಪಶುವೈದ್ಯರು ಬಳಸುವ ಲೆಕ್ಕವೊಂದಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, ಸೆಂಟಿಮೀಟರಿನ ಲೆಕ್ಕವಾದರೆ 11,880ರಿಂದ ಭಾಗಿಸಬೇಕು. ಸುತ್ತಳತೆ 145, ಉದ್ದ 125 ಬಂತು. ಭಾಗಿಸಿದರೆ 221 ಕಿಲೋ. ಅಂದಾಜಿನ ತೂಕವೇ ಆದರೂ ನಮ್ಮ ಕೆಲಸಕ್ಕೆ ಸಾಕು.

ಇನ್ನು ಭಾರದ ಮಾತು. ಅಮೇರಿಕದ ಒಹಾಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಸವಾರಿ ಕುದುರೆಗಳ ಮೇಲೆ ಅವುಗಳ ತೂಕದ ಶೇಕಡಾ 15, 20, 25, 30ರಷ್ಟು ಭಾರ ಹೇರಿ ನೋಡಿದರು. 20ರವರೆಗೆ ದೊಡ್ಡ ತೊಂದರೆ ಕಾಣಲಿಲ್ಲ. 25ಕ್ಕೆ ಏರಿದಾಗ ಎದೆಬಡಿತ ಹೆಚ್ಚಿತು. 30ಕ್ಕೆ ಬೆನ್ನಿನ ಸ್ನಾಯುಗಳ ನೋವು ಎದ್ದು ಕಂಡಿತು. ಸೊಂಟ ಅಗಲವಾಗಿದ್ದು ಮುಂಗಾಲಿನ ಎಲುಬು ದಪ್ಪವಾಗಿದ್ದ ಕುದುರೆಗಳಿಗೆ ನೋವು ಕಡಿಮೆ. ಗಟ್ಟಿಮುಟ್ಟು ಎಂಬ ನಮ್ಮ ಮಾತಿಗೆ ಅರ್ಥವಿದೆಯೆಂದು ಇದರಿಂದ ತಿಳಿಯುತ್ತದೆ. ಆದರೆ ಆ ಗಟ್ಟಿತನ ಮಿತಿಯನ್ನು ತುಸು ಸರಿಸೀತೇ ಹೊರತು ಅಳಿಸಲಾರದು. ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳು ಜಗತ್ತಿನಲ್ಲೆಲ್ಲ ದೊಡ್ಡವರನ್ನು ಹೊರುವುದಕ್ಕೆ ಹೆಸರಾದವು. 2017ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ವೇಗದ ನಡೆಯಲ್ಲಿ ಅವುಗಳ ದಣಿವಿನ ಗೆರೆಯೂ ಸರಾಸರಿ ಶೇಕಡಾ 22–23ರ ಸುಮಾರಿಗೇ ಬಂತು. ಅವು ನಮ್ಮವರನ್ನು ಹೊರುವಂತೆ ತೋರುವುದು ಅವುಗಳ ಮೈತೂಕದಿಂದ. 350 ಕಿಲೋದ ಪ್ರಾಣಿಗೆ ಐದರಲ್ಲೊಂದು ಪಾಲೆಂದರೆ 70 ಕಿಲೋ. ನಮ್ಮ 221 ಕಿಲೋದ ತಟ್ಟುವಿಗೆ ಅದು 44 ಮಾತ್ರ.

ನನ್ನ ತೂಕ 62. ಜೀನು ಐದು, ಪುಸ್ತಕ ನಾಲ್ಕು. ಒಟ್ಟು 71, ಎಂದರೆ ತಟ್ಟುವಿನ ಮೈತೂಕದ ಶೇಕಡಾ 32. ನಮ್ಮ ದೇಶದ 1965ರ ಹೇರುಪ್ರಾಣಿಗಳ ನಿಯಮದಲ್ಲಿ ಹೇರಿನ ಮೇರೆ ಕತ್ತೆಗೆ 50 ಕಿಲೋ, ತಟ್ಟುವಿಗೆ 70, ಹೇಸರಗತ್ತೆಗೆ 200. ನಾನು ಮನುಷ್ಯನಾಗಿರದೆ ಗೋಣಿಚೀಲವಾಗಿದ್ದರೂ ಕಾಯದೆಯ ಕಣ್ಣಿಗೆ ಒಂದು ಕಿಲೋ ಹೆಚ್ಚಾಗುತ್ತಿದ್ದೆ! ಅದೇ ನಿಯಮ ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದೆನ್ನುತ್ತದೆ. ಉಷ್ಣತೆ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೇರಲೇಬಾರದೆನ್ನುತ್ತದೆ. ನಮ್ಮ ಬೇಸಗೆಯನ್ನು ಕಂಡವರೇ ಇದನ್ನು ಬರೆದಂತಿದೆ.

ತೂಕವೊಂದೇ ಅಲ್ಲ, ನಡೆಯನ್ನೂ ನೋಡಬೇಕು. ಮೆಲ್ಲನೆ ನಡೆಯುವಾಗ ಬೆನ್ನಿಗೆ ತಾಗುವುದು ಸವಾರನ ತೂಕಕ್ಕಿಂತ ಬಹಳ ಹೆಚ್ಚಲ್ಲ. ಕುಕ್ಕುಲೋಟಕ್ಕೆ ಬಿದ್ದರೆ ಒಂದೊಂದು ಕುಕ್ಕಿಗೂ ಅದರ ಎರಡರಷ್ಟು ಬೀಳುತ್ತದೆ. ಅದರಲ್ಲೂ ನನ್ನಂತಹ ಸವಾರಿ ಅರಿಯದವನು ಕುಳಿತರೆ ಹೇಳುವುದೇ ಬೇಡ. ಕೆಸರಿನಲ್ಲಿ ಕಾಲು ಕಿತ್ತಿಡುವ ಶ್ರಮ ಬೇರೆ. ಮೇಲಾಗಿ ಕುದುರೆಯ ಬೆನ್ನೆಲುಬು ಪೂರ್ಣ ಬಲಿಯಲು ಐದಾರು ವರ್ಷ ಬೇಕು. ಹಲ್ಲು ನೋಡದೆ ಎಳೆಯದನ್ನು ಕೊಂಡು ಏರಿದರೆ ಅದರ ಆಯುಷ್ಯವನ್ನೇ ಏರಿದಂತೆ. ಹಾಗಾದರೆ ಅಜ್ಜನ ಮಾತು ಸುಳ್ಳೇ? ಅಲ್ಲ. ಅಜ್ಜನ ಮೈಕಟ್ಟೇ ಐವತ್ತು ಕಿಲೋ ದಾಟದ್ದು. ಸಂತೆ ವಾರಕ್ಕೊಂದು, ಮಿಕ್ಕ ಆರು ದಿನ ಅವನ ತಟ್ಟು ಬದುವಿನಲ್ಲಿ ಮೇಯುತ್ತಿತ್ತು. ಬರುವಾಗ ಸಂತೆಯ ಗಂಟು ಅದರ ಮೇಲೆ, ಅಜ್ಜ ನೆಲದ ಮೇಲೆ. ಈ ಕೊನೆಯ ಸಂಗತಿಯನ್ನು ಅವನು ಕೇಳಿದ ಮೇಲೆ ಹೇಳಿದ.

ಆದುದರಿಂದ ನನ್ನ ತೀರ್ಪು ಹೀಗೆ: ಗಟ್ಟಿಯಾದ ತಟ್ಟು ಬೆಳೆದ ಆಳನ್ನು ಹೊರಬಲ್ಲುದು, ಹಗುರಾದ ಆಳು, ಮೆಲ್ಲನೆಯ ನಡೆ, ಅಪರೂಪದ ದಾರಿ ಇದ್ದರೆ ಸುಖವಾಗಿಯೂ ಹೊರಬಲ್ಲುದು. ನನ್ನಂತಹವನನ್ನು ದಿನಾಲು ಹದಿನಾಲ್ಕು ಕಿಲೋಮೀಟರು ಹೊರಲಾರದು. ಆದರೆ ನನ್ನ ತಂಗಿಯ ತೂಕ 36. ಜೀನು ಸೇರಿದರೆ 41. ಇದು 44ರ ಒಳಗೇ ಇದೆ.

ಬಲಿತ ಹಲ್ಲಿನ ತಟ್ಟುವೊಂದನ್ನು ಕುರಿಗಾರರಿಂದಲೇ ಕೊಂಡೆವು. ಕಳೆದ ಮಳೆಗಾಲದಲ್ಲಿ ತಂಗಿ ಅದರ ಮೇಲೆ ಹೈಸ್ಕೂಲಿಗೆ ಬಂದಳು. ನಾನು ಅವಳ ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿ, ಹಗ್ಗ ಹಿಡಿದು ನಡೆದೆ. ಕೆಸರು ಹೆಚ್ಚಾದಲ್ಲಿ ಅವಳೂ ಇಳಿದಳು. ದಾರಿಯಲ್ಲಿ ಗೆಳೆಯರು, “ಕುದುರಿ ಇದ್ದೂ ನಡಕೊಂಡು ಬರ್ತಿಯಲ್ಲೋ” ಎಂದು ನಕ್ಕರು. ಸವಾರಿಯೆಂದರೆ ಏರುವುದೊಂದೇ ಎಂದು ತಿಳಿದವರಿಗೆ ನಗು ಬರುವುದು ಸಹಜ. ತಂಗಿ ಆ ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ತಟ್ಟುವಿನ ಬೆನ್ನಿನ ಮೇಲೆ ಒಂದು ಗಾಯವೂ ಆಗಲಿಲ್ಲ.

ದುಡಿಯುವ ಮೂಕಪ್ರಾಣಿಗಳು ನಮ್ಮ ಭಾರಕ್ಕೆ ಒಲ್ಲೆ ಎನ್ನುವುದಿಲ್ಲ. ಒಲ್ಲೆ ಎನ್ನದವರ ಲೆಕ್ಕವನ್ನು ಭಾರ ಹಾಕುವವನೇ ಇಡಬೇಕು. ಓದಿದವನಿಗೆ ಟೇಪು, ಗುಣಾಕಾರ, ಭಾಗಾಕಾರ ಬೇಕಾದವು. ಆ ಕುರಿಗಾರನಿಗೆ ನಾಳೆಯ ನೆನಪೊಂದೇ ಸಾಕಾಯಿತು.