ಸಂಜೆಯ ಹಸಿವು ಮತ್ತು ನನ್ನ ಅಂಗಡಿ

ಗಿರಿನಗರದಲ್ಲಿ ನನ್ನದೊಂದು ದಿನಸಿ ಅಂಗಡಿಯಿದೆ. ಮನೆ ಅದರ ಮೇಲಿನ ಅಂತಸ್ತಿನಲ್ಲಿ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಅನಸ್ತಮಿತ ನಿಯಮವನ್ನು ತಂದೆಯವರ ಕಾಲದಿಂದಲೂ ನಡೆಸಿಕೊಂಡು ಬಂದಿದ್ದೇವೆ. ನಮ್ಮಂಥ ಹಿರಿಯರಿಗೆ ಇದು ಕಷ್ಟವಲ್ಲ, ಶಾಲೆಗೆ ಹೋಗುವ ಮೊಮ್ಮಗನಿಗೆ ಕಷ್ಟ. ಬೆಂಗಳೂರಿನಲ್ಲಿ ಜುಲೈ ಆರಂಭದಲ್ಲಿ ಸೂರ್ಯ ಮುಳುಗುವುದು ಸುಮಾರು 6.50ಕ್ಕೆ, ನವೆಂಬರ್ ನಡುವಿನಲ್ಲಿ 5.50ಕ್ಕೇ. ಹುಡುಗ ಶಾಲೆಯಿಂದ ಬರುವುದು ನಾಲ್ಕಕ್ಕೆ, ಮನೆಪಾಠಕ್ಕೆ ಹೊರಡುವುದು ನಾಲ್ಕೂವರೆಗೆ, ಹಿಂದಿರುಗುವುದು ಆರೂವರೆಗೆ. ನಡುವಿನ ಅರ್ಧ ಗಂಟೆಯಲ್ಲಿ ಅವನಿಗೆ ಏನು ಕೊಡಬೇಕೆಂದು ಮನೆಯಲ್ಲಿ ಯಾರೂ ಕುಳಿತು ಯೋಚಿಸಿರಲಿಲ್ಲ. ಅಂಗಡಿಯ ಮುಂದೆ ಸರವಾಗಿ ತೂಗುಹಾಕಿದ್ದ ಜೋಳದ ಹಿಟ್ಟಿನ ಖಾರದ ಪೊಟ್ಟಣವೊಂದನ್ನು ಕಿತ್ತುಕೊಂಡು ಓಡುತ್ತಿದ್ದ. ಆಲೂಗಡ್ಡೆಯದಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

2023ರ ನವೆಂಬರಿನ ಒಂದು ಸಂಜೆ ಅವನ ಬೆರಳುಗಳು ಕೆಂಪಾಗಿದ್ದವು. ಗಾಡಿಯ ಗೋಬಿ ಮಂಚೂರಿ. ನಾನು ಕೇಳಿದ ಮೊದಲ ಪ್ರಶ್ನೆ, "ಕತ್ತಲಾದ ಮೇಲೆ ತಿಂದೆಯಾ?" ಎಂಬುದು. ಅವನು ತಲೆ ತಗ್ಗಿಸಿ, "ಹಸಿವಾಗಿತ್ತು ತಾತ" ಎಂದ. ಗದರಿಸಿಬಿಟ್ಟೆ. ರಾತ್ರಿ ಮಲಗಿದಾಗ ನನ್ನ ಪ್ರಶ್ನೆಯೇ ನನಗೆ ಸಣ್ಣದಾಗಿ ಕಂಡಿತು.

ಮುಂದಿನ ಮಾರ್ಚಿನಲ್ಲಿ, ಅಂದರೆ 2024ರಲ್ಲಿ, ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳಿದ್ದವೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ತಿಳಿಸಿದರು. ಪತ್ತೆಯಾದವುಗಳಲ್ಲಿ ಒಂದಾದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಗಾಡಿಯವನನ್ನು ಬೈಯಲು ನನಗೆ ಒಳ್ಳೆಯ ಅವಕಾಶ ಸಿಕ್ಕಿತ್ತು. ಆದರೆ ಅದೇ ಸಮಯದಲ್ಲಿ ಇನ್ನೊಂದು ನಿಯಮವೂ ಕಣ್ಣಿಗೆ ಬಿತ್ತು. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ಆಹಾರವನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲೇ ವಿಧಿಸಿದೆ. ಮರುದಿನ ಬೆಳಗ್ಗೆ ಹತ್ತಿರದ ಶಾಲೆಯ ಗೇಟಿನಿಂದ ನನ್ನ ಅಂಗಡಿಯವರೆಗೆ ಹೆಜ್ಜೆ ಹಾಕಿ ಅಳೆದೆ. ಐವತ್ತರ ಒಳಗೇ ಇದ್ದೆ.

ಕೃತ, ಕಾರಿತ, ಅನುಮತ ಎಂದು ನಮ್ಮ ಶಾಸ್ತ್ರಗಳು ಮೂರನ್ನು ಹೇಳುತ್ತವೆ: ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಪರ್ಯೂಷಣದ ದಿನಗಳಲ್ಲಿ ಇದನ್ನು ನಾನೇ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಮನೆಯೊಳಗೆ ಬಾರದ ಆಲೂಗಡ್ಡೆಯ ಚಿಪ್ಸ್ ಅಂಗಡಿಯ ಮೊಳೆಯಲ್ಲಿ ಹೇಗೆ ತೂಗುತ್ತಿತ್ತು? ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಯ ಮಗು ತಿಂಗಳುಗಟ್ಟಲೆ ಹಳೆಯ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ತಿನ್ನುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಸರಗಳನ್ನು ಇಳಿಸಿದೆ. "ಅಪ್ಪಾ, ನಾವು ಬಿಟ್ಟರೆ ಎದುರು ಸಾಲಿನವರು ಮಾರುತ್ತಾರೆ" ಎಂದ ಮಗ. ನಿಜ, ಮಾರಿದರು.

ಇನ್ನು ಮನೆಯ ತಿಂಡಿ. ವೈದ್ಯರು ಮೊಳಕೆ ಕಾಳು ಕೊಡಿ ಎಂದರು. ಅದು ನಮ್ಮಲ್ಲಿ ವರ್ಜ್ಯ. ನಮ್ಮ ಮನೆಯವರು ರಾಗಿ ಹುರಿಹಿಟ್ಟನ್ನು ನೆನಪಿಸಿದರು. ಅದಕ್ಕೆ ಮೊಳಕೆ ಬೇಡ. ರಾಗಿಯನ್ನು ತೊಳೆದು ನೀರು ಬಸಿದು, ತೇವ ಆರುವ ಮುನ್ನವೇ ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ ಹುರಿದರೆ ಬೆಳ್ಳಗೆ ಅರಳುತ್ತದೆ. ಮನೆ ತುಂಬ ಅದರ ಪರಿಮಳ! ಬೀಸಿ, ಬೆಲ್ಲ, ತೆಂಗಿನ ತುರಿ, ಏಲಕ್ಕಿ, ಒಂದಿಷ್ಟು ತುಪ್ಪ ಸೇರಿಸಿದರೆ ಉಂಡೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಈ ಅಂಕಿಯಿಂದ ಮೊಮ್ಮಗನಿಗೇನೂ ಆಗಲಿಲ್ಲ. ಮೊದಲ ದಿನ ಮುಖ ಸಿಂಡರಿಸಿ ಉಂಡೆಯನ್ನು ತಟ್ಟೆಯಲ್ಲೇ ಬಿಟ್ಟ. ಹುರಿದ ಕಡಲೆಕಾಯಿಯನ್ನು ತರಿತರಿಯಾಗಿ ಕುಟ್ಟಿ ಸೇರಿಸಿದ ಮೇಲೆ ಒಲಿದ. ಬೆಲ್ಲವೂ ಸಕ್ಕರೆಯ ಅಣ್ಣನೇ ಆದ್ದರಿಂದ ಒಂದಕ್ಕಿಂತ ಹೆಚ್ಚು ಕೊಡುವುದಿಲ್ಲ. ಉಳಿದ ದಿನಗಳಲ್ಲಿ ಅವಲಕ್ಕಿ ಒಗ್ಗರಣೆ, ಹುರಿಗಡಲೆ ಬೆರೆಸಿದ ಪುರಿ, ಹೆಸರುಬೇಳೆ ಕೋಸಂಬರಿ, ಬಾಳೆಹಣ್ಣು. ಎಲ್ಲವೂ ನಾಲ್ಕಕ್ಕೆ ಅವನು ಮೆಟ್ಟಿಲೇರುವಾಗ ಸಿದ್ಧವಿರಬೇಕು. ಐದು ನಿಮಿಷ ತಡವಾದರೆ ಹಸಿವು ಬೀದಿಗೆ ಇಳಿಯುತ್ತದೆ.

ಬಸವನಗುಡಿಯ ಪರಿಷೆಯಿಂದ ಕಡಲೆಕಾಯಿ ತಂದ ದಿನ ಅವನು ಕೇಳಿದ: "ತಾತ, ಇದೂ ಮಣ್ಣಿನೊಳಗೇ ಬೆಳೆಯುತ್ತದಲ್ಲ, ಹೇಗೆ ತಿನ್ನುತ್ತೀರಿ?" ಹೂವು ಮಣ್ಣಿನ ಮೇಲೆಯೇ ಬಿಟ್ಟು, ಆಮೇಲೆ ಅದರ ಬುಡದಿಂದ ಇಳಿಯುವ ಕಡ್ಡಿ ಮಣ್ಣು ಹೊಕ್ಕು ಕಾಯಿ ಕಟ್ಟುತ್ತದೆ, ಇದು ಬೀಜವೇ ಹೊರತು ಗೆಡ್ಡೆಯಲ್ಲ ಎಂದು ವಿವರಿಸಿದೆ. ಒಪ್ಪಿದ. "ಹಾಗಾದರೆ ಅಂಗಡಿಯಲ್ಲಿ ಗೆಡ್ಡೆಯ ಚಿಪ್ಸ್ ಯಾಕೆ ಇಟ್ಟಿದ್ದಿರಿ?" ಎಂದೂ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಚಳಿಗಾಲದ ತಿಂಗಳುಗಳಿಗೆ ಮನೆಪಾಠವನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡಿದ್ದೇವೆ. ಸೊಸೆ ಹೋಗಿ ಕೇಳಿದಾಗ ಮೇಷ್ಟ್ರು ಕೂಡಲೇ ಒಪ್ಪಿದರು. ನಾವು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಅಂಗಡಿಯ ಮುಂದಿನ ಮೊಳೆಗಳು ಈಗ ಖಾಲಿ. ಕ್ರೀಮ್ ಬಿಸ್ಕತ್ತಿನ ಡಬ್ಬಗಳು ಮಾತ್ರ ಇನ್ನೂ ಗಲ್ಲದ ಪಕ್ಕದಲ್ಲೇ ಇವೆ. ಮಗನೊಡನೆ ಆ ಮಾತು ಮುಗಿದಿಲ್ಲ.