ಪ್ರೀತಿ ಅಂತ ಬರೆದವರು ಯಾರು?

ಮೊನ್ನೆ ಮಗಳು ಸೈನ್ಸ್ ಪುಸ್ತಕ ಹಿಡ್ಕೊಂಡು ಬಂದಳು. ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರು: ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. "ಇವರೆಲ್ಲಾ ಯಾರವ್ವಾ?" ಅಂದಳು. ಮೊಬೈಲಲ್ಲಿ ಹುಡುಕಿದೆ. ಗ್ರೀಕರ ದೊಡ್ಡ ದೇವರು ಜೀಯಸ್ ಪ್ರೀತಿಸಿದವರಂತೆ.

ಆ "ಪ್ರೀತಿ" ಹೇಗಿತ್ತು ನೋಡಿ. ಯುರೋಪಾಳನ್ನು ಗೂಳಿ ವೇಷದಲ್ಲಿ ಬಂದು ಸಮುದ್ರದಾಚೆ ಕ್ರೀಟ್‌ಗೆ ಹೊತ್ತುಕೊಂಡು ಹೋದ. ಅಯೋ ಹಸುವಾದಳು, ಕಚ್ಚುವ ನೊಣದ ಕಾಟಕ್ಕೆ ದೇಶ ದೇಶ ಓಡಿದಳು. ಕ್ಯಾಲಿಸ್ಟೋ ನಂಬಿದ್ದ ದೇವಿಯ ರೂಪದಲ್ಲೇ ಬಂದು ಬಲವಂತ ಮಾಡಿದ ಅಂತ ರೋಮನ್ ಕವಿ ಓವಿಡ್ ಬರೀತಾನೆ. ಬಸುರಿ ಅಂತ ಗೊತ್ತಾದಾಗ ಆ ದೇವಿ ಅವಳನ್ನೇ ಹೊರಗೆ ಹಾಕಿದಳು. ಜೀಯಸ್‌ನ ಹೆಂಡತಿ ಅವಳನ್ನೇ ಕರಡಿ ಮಾಡಿದಳು. ಗ್ಯಾನಿಮೀಡ್ ಹುಡುಗ, ಅವನನ್ನೂ ಎತ್ತಿಕೊಂಡು ಹೋದದ್ದೇ. ಜೀಯಸ್‌ಗೆ ಏನಾಯ್ತು? ಏನೂ ಆಗಲಿಲ್ಲ.

ಬಾಯಿ ಬಿಟ್ಟವಳೊಬ್ಬಳಿದ್ದಾಳೆ. ಅಥೆನ್ಸಿನ ರಾಜನ ಮಗಳು ಕ್ರಿಯೂಸಾ. ಸುಮಾರು 2400 ವರ್ಷದ ಹಿಂದೆ ಯೂರಿಪಿಡೀಸ್ ಬರೆದ 'ಅಯಾನ್' ನಾಟಕದಲ್ಲಿ ಬರ್ತಾಳೆ. ಗುಹೆಯಲ್ಲಿ ಅವಳ ಮೇಲೆ ಬಲವಂತ ಮಾಡಿದವನು ಅಪೋಲೋ ದೇವರು. ಗುಟ್ಟಾಗಿ ಹೆತ್ತು, ಕೂಸನ್ನು ಅಲ್ಲೇ ಬಿಟ್ಟು, ವರ್ಷಗಟ್ಟಲೆ ನುಂಗಿಕೊಂಡಿದ್ದಳು. ಕೊನೆಗೆ ಅದೇ ದೇವರ ಗುಡಿ ಮುಂದೆ ನಿಂತು ಎಲ್ಲರೆದುರು ಅವನನ್ನು ಬೈತಾಳೆ.

ಆದ್ರೆ ನನಗೆ ಮರೆಯಲಾಗದವರು ಅವಳ ದಾಸಿಯರು. ಗುಡಿಯಲ್ಲಿ ತನಗೊಬ್ಬ ಮಗ ಸಿಕ್ಕಿದ ಅನ್ನೋದನ್ನ ಹೆಂಡತಿಗೆ ಹೇಳಿದರೆ ಸಾಯಿಸ್ತೀನಿ ಅಂತ ಕ್ರಿಯೂಸಾಳ ಗಂಡ ಹೆದರಿಸಿರ್ತಾನೆ. ಅವರು ಹೇಳೇಬಿಡ್ತಾರೆ. ಆಮೇಲೇ ಕ್ರಿಯೂಸಾಳ ಬಾಯಿ ಬಿಚ್ಚೋದು. ಆ ದಾಸಿಯರಿಗೆ ನಾಟಕದಲ್ಲಿ ಹೆಸರೂ ಇಲ್ಲ.

ಕೊನೆಗೆ ಆ ಹುಡುಗ ಕ್ರಿಯೂಸಾ ಗುಹೆಯಲ್ಲಿ ಬಿಟ್ಟ ಕೂಸೇ ಅಂತ ಗೊತ್ತಾಗುತ್ತೆ. ಅಪೋಲೋ ಮಾತ್ರ ಬರಲ್ಲ. ಎದುರಿಗೆ ಬಂದ್ರೆ ಹಳೇದೆಲ್ಲಾ ಎತ್ತಿ ಬೈತಾರೆ ಅಂತ ಅಥೀನಾ ದೇವಿಯನ್ನು ಕಳಿಸ್ತಾನೆ. ಅವಳು ಬಂದು, ಎಲ್ಲಾ ಒಳ್ಳೇದಾಯ್ತಲ್ಲ, ಇವನು ನಿನ್ನ ಮಗ ಅಂತ ಗಂಡನಿಗೆ ಹೇಳಬೇಡ ಅಂತಾಳೆ. ಕ್ರಿಯೂಸಾ ಅದೇ ದೇವರನ್ನು ಹೊಗಳ್ತಾಳೆ.

ಇದು ರಾಜಿ ಪಂಚಾಯ್ತಿ ಕಣ್ರೀ. ಮಾಡಿದವನು ಬರಲ್ಲ, ದೊಡ್ಡವರನ್ನು ಕಳಿಸ್ತಾನೆ. ಕೇಸು ಹಿಡಿದು ಓಡಾಡಿದ ನಿಮಗೆಲ್ಲಾ ಗೊತ್ತಿರೋದೇ. ನಮ್ಮ ಕೇರಿಯ ಎಳೇ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ "ದೇವರ ಹೆಂಡತಿ" ಅಂದಿದ್ದೂ ಇಂಥದೇ ಸಿಹಿ ಮಾತು. ಅದರ ವಿರುದ್ಧ ಕರ್ನಾಟಕದಲ್ಲಿ 1982ರಲ್ಲಿ ಕಾಯ್ದೆ ಆಯ್ತು. ದೇವರ ಹೆಸರು ಹೇಳಿದ್ರೆ ಬಲವಂತ ಪ್ರೀತಿ ಆಗಲ್ಲ.

ರಾಜನ ಮಗಳ ಕಥೆಯಾದರೂ ನಾಟಕವಾಯ್ತು. ಸಾವಿಗೆ ಹೆದರದೆ ನಿಜ ಹೇಳಿದ ಆ ದಾಸಿಯರೇ ನನ್ನ ಪಾಲಿಗೆ ನಮ್ಮವರು.

ಮಗಳಿಗೆ ಹೇಳಿದೆ: "ಇವರು ಅವನು ಪ್ರೀತಿಸಿದವರಲ್ಲ ಮಗಾ. ಅವನ ಕೈಗೆ ಸಿಕ್ಕವರು." ಪುಸ್ತಕದ ಅಂಚಲ್ಲಿ ಪೆನ್ಸಿಲಲ್ಲಿ ಬರ್ಕೊಂಡಳು.

ಜೈ ಭೀಮ್.