ಹೆಣ ಒಳಗೆ, ಭಯ ಬೀದಿಯಲ್ಲಿ

ಲೋಕವೇ ಮುಳುಗಿಹೋದ ಮೇಲಿನ ದಿಗಿಲಿನ ಚಿತ್ರ ಅಂದರೆ ನಮ್ಮ ಹುಡುಗರಿಗೆ ಥಟ್ಟನೆ ನೆನಪಾಗುವುದು ಹಾಲಿವುಡ್. 2007ರ ‘ಐ ಆಮ್ ಲೆಜೆಂಡ್’ ನೋಡಿದ್ದೀರಲ್ಲ? ಬಿಕೋ ಎನ್ನುವ ನ್ಯೂಯಾರ್ಕು, ಒಬ್ಬ ವಿಲ್ ಸ್ಮಿತ್, ಒಂದು ನಾಯಿ! ರಿಚರ್ಡ್ ಮ್ಯಾಥೆಸನ್ 1954ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ, ಹೊಸದಾಗಿ ಹುಟ್ಟಿದ ಜನಕ್ಕೆ ತಾನೇ ಭೂತ ಅಂತ ನಾಯಕನಿಗೆ ಕೊನೆಗೆ ಹೊಳೆಯುತ್ತದೆ. ಥಿಯೇಟರಿಗೆ ಬಂದ ಚಿತ್ರದಲ್ಲೋ, ಔಷಧ ಉಳಿಸಿ ಪ್ರಾಣ ಕೊಟ್ಟ ಹೀರೋ ಆಗಿಬಿಡುತ್ತಾನೆ. ಅದಿರಲಿ ಬಿಡಿ. ಅಂಥ ಕತೆ ಕನ್ನಡದಲ್ಲೂ ಇದೆ, ಪುಸ್ತಕವಾಗಿಯೂ ಚಿತ್ರವಾಗಿಯೂ ಇದೆ ಅಂದರೆ ನಂಬ್ತೀರಾ? ‘ಸಂಸ್ಕಾರ’ ಸ್ವಾಮಿ!

ಅದು ಜಾತಿಯ ಕತೆ ಅಲ್ವೇನ್ರೀ, ಅಂತೀರಿ. ಹೌದು. ಆದರೆ ಅದು ಪ್ಲೇಗಿನ ಕತೆಯೂ ಹೌದು. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಹೆಣ ಮನೆಯೊಳಗೆ. ಆಚಾರ ಬಿಟ್ಟವನ ಸಂಸ್ಕಾರ ಯಾರು ಮಾಡಬೇಕು? ದೂರ್ವಾಸಪುರದ ಅಗ್ರಹಾರ ಹಸಿದುಕೊಂಡು ಕೂತಿದೆ. ಇಲಿಗಳು ಹೊರಗೆ ಬಂದು ಬಿದ್ದು ಸಾಯುತ್ತವೆ. ಮಾಡಿನ ಮೇಲೆ ರಣಹದ್ದು ಕೂತರೆ ಶಂಖ ಊದಿ, ಜಾಗಟೆ ಬಡಿದು ಓಡಿಸುತ್ತಾರೆ. ಇದಕ್ಕಿಂತ ಭಯಾನಕ ಇನ್ನೇನು ಬೇಕು?

ಇನ್ನೊಂದು ಸೋಜಿಗ ಕೇಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಯು. ಆರ್. ಅನಂತಮೂರ್ತಿಯವರಿಗೆ ಈ ಕಾದಂಬರಿಯ ಹೊಳಹು ಸಿಕ್ಕಿದ್ದೇ ಒಂದು ಸಿನಿಮಾದಿಂದ! ಪ್ಲೇಗಿನ ಕಾಲದ ಕತೆ ಹೇಳುವ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ (1957) ನೋಡಿ ಬಂದಮೇಲೆ ಇದು ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಪುಸ್ತಕ ಬಂದದ್ದು 1965ರಲ್ಲಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಮತ್ತೆ ಬೆಳ್ಳಿತೆರೆಗೆ ತಂದರು. ಮದರಾಸಿನ ಸೆನ್ಸಾರಿನವರು ತಡೆದರು. ತಡೆ ತೆರವಾದ ಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿಯೂ ಬಂತು.

ನಾನು ಪೀಣ್ಯದವನು, ಮೂವತ್ತು ವರ್ಷ ಲೇತಿನ ಮುಂದೆ ನಿಂತವನು. 2020ರ ಮಾರ್ಚ್ 25ರಿಂದ ಶೆಡ್ಡುಗಳೆಲ್ಲ ಬಂದ್ ಆದಾಗ, ಪ್ರೆಸ್ಸಿನ ಸದ್ದಿಲ್ಲದೆ ನಮಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಆ ದಿನಗಳಲ್ಲೇ ಪುಸ್ತಕ ಓದಿದೆ. ಮರುವರ್ಷ ಮೇ ತಿಂಗಳಲ್ಲಿ ನಮ್ಮ ವಠಾರದ ಹಿರಿಯರೊಬ್ಬರು ತೀರಿಕೊಂಡರು. ಮಗ ಸ್ವತಃ ಆಸ್ಪತ್ರೆಯಲ್ಲಿ. ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲು. ಊರಿನ ಚಿತಾಗಾರಗಳು ಸಾಲದೆ ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಉರಿಸಿದ ಕಾಲ ಅದು. ನಾವು ನಾಲ್ಕು ಜನ ದೂರದಲ್ಲಿ ನಿಂತೆವು. ತಲೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಹುಡುಗರು ಬಂದು ಹೆಣ ಇಳಿಸಿದರು. ಒಬ್ಬ ಇನ್ನೊಬ್ಬನನ್ನು “ಭಾಯ್, ಆ ಕಡೆ ಹಿಡ್ಕೋ” ಅಂದ. ಮುಖ ಯಾರದೂ ಕಾಣಲಿಲ್ಲ.

ಚಿತ್ರ ನೋಡಿದ್ದು ಅದಾದ ಮೇಲೆ, ಮೊಬೈಲಿನಲ್ಲಿ.

ಪುಸ್ತಕದಲ್ಲಿ ನಾವು ಪ್ರಾಣೇಶಾಚಾರ್ಯರ ತಲೆಯೊಳಗೇ ಕೂತಿರುತ್ತೇವೆ. ಅವರು ತಾಳೆಗರಿ ತಿರುವುತ್ತಾರೆ, ಮಾರುತಿಯ ಅಪ್ಪಣೆಗೆ ಕಾಯುತ್ತಾರೆ. ಅವರ ಪ್ರತಿ ತರ್ಕವೂ ನಮಗೆ ಸರಿ ಅನ್ನಿಸುತ್ತದೆ. ನಾರುವ ಹೆಣವನ್ನು ಆ ತರ್ಕ ಸ್ವಲ್ಪ ಹೊತ್ತು ಮರೆಸುತ್ತದೆ! ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಇಲ್ಲ. ಗಿರೀಶ್ ಕಾರ್ನಾಡರ ಮುಖ ಎದುರಿಗಿದೆ, ಒಳಗಿನ ಮಾತು ಕೇಳಿಸದು. ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವರು ಶೃಂಗೇರಿ ಸೀಮೆಯ ಒಂದು ಹಳ್ಳಿಯಲ್ಲಿ ಹಿಡಿದ ಕಪ್ಪು ಬಿಳುಪು ಚಿತ್ರ. ಅಗ್ರಹಾರದವರ ಜತೆ ನಾವೂ ಬೀದಿಯಲ್ಲಿ ನಿಂತು ಕಾಯಬೇಕು, ದೂರದಲ್ಲಿ ನಿಂತು. ನನ್ನ ಎದೆ ಹೊಡೆದುಕೊಂಡದ್ದು ಅಲ್ಲಿ.

ಮತ್ತೊಂದು ವ್ಯತ್ಯಾಸ. ಪುಸ್ತಕದಲ್ಲಿ ನಾರಣಪ್ಪ ಬರೀ ನೆನಪು, ಬರೀ ವಾದ. ಚಿತ್ರದಲ್ಲಿ ಪಿ. ಲಂಕೇಶ್ ಆ ಹೆಣಕ್ಕೆ ಮೈ ಕೊಟ್ಟಿದ್ದಾರೆ. ಬದುಕಿದ್ದವನನ್ನು ಕಣ್ಣಾರೆ ಕಂಡಮೇಲೆ ‘ಶವ’ ಅಂತ ಸುಮ್ಮನೆ ಅಂದುಬಿಡಲು ಆಗದು.

ಆದರೆ ಪುಸ್ತಕ ಗೆಲ್ಲುವ ಜಾಗವೂ ಒಂದಿದೆ, ಚಂದ್ರಿಯದು. ಖರ್ಚಿಗೆ ಅಂತ ಅವಳು ಬಿಚ್ಚಿಟ್ಟ ಬಂಗಾರದ ಮೇಲೆ ಎಲ್ಲರ ಕಣ್ಣು. ಹೆಣದ ಹತ್ತಿರ ಮಾತ್ರ ಯಾರೂ ಸುಳಿಯರು. ಶಾಸ್ತ್ರ ಹುಡುಕುವವರು ಹುಡುಕುತ್ತಲೇ ಇರುವಾಗ, ಅವಳು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತಂದು ರಾತ್ರೋರಾತ್ರಿ ಸುಟ್ಟು ಮುಗಿಸುತ್ತಾಳೆ. ಹಿಂದೆ ನಾರಣಪ್ಪನಿಂದ ಹಣದ ನೆರವು ಪಡೆದವನು ಬ್ಯಾರಿ. ಕೆಲವೇ ಸಾಲು. ಅಗ್ರಹಾರಕ್ಕೆ ಅದರ ಸುದ್ದಿಯೇ ಗೊತ್ತಾಗದು! ನಡೆದುಹೋದ ಸಂಸ್ಕಾರಕ್ಕೆ ಪಂಡಿತರು ಇನ್ನೂ ಅಪ್ಪಣೆ ಕೇಳುತ್ತಲೇ ಇರುತ್ತಾರೆ. ಇಂಥ ಕಹಿ ನಗೆ ಅಕ್ಷರಕ್ಕೇ ಸಾಧ್ಯ.

ಈ ಕತೆಯಲ್ಲಿ ರೋಗಕ್ಕಿಂತ ದೊಡ್ಡ ಭೂತ ‘ಯಾರು ಮುಟ್ಟಬೇಕು’ ಎಂಬ ಪ್ರಶ್ನೆ. ಹಾಲಿವುಡ್ಡಿನ ಹೀರೋ ಲೋಕವನ್ನೇ ಉಳಿಸಿಯಾನು. ನಮ್ಮ ಕತೆಯಲ್ಲಿ ಬೇಕಾದದ್ದು ಹೆಗಲು ಕೊಡುವ ಇಬ್ಬರು, ಅಷ್ಟೇ.

ಮೊದಲು ಪುಸ್ತಕ ಓದಿ, ಆಮೇಲೆ ಚಿತ್ರ ನೋಡಿ. ಮನೆಮಂದಿಯ ಜತೆ ಕೂತು ನೋಡಿದರೆ ಇನ್ನೂ ಒಳ್ಳೆಯದು.